ಹ್ಯಾಲೋವೀನ್‌ಗೆ ಮನೆಮಂದಿಯೆಲ್ಲ ಕೂತು ನೋಡೋ ಸಿನಿಮಾ: ಯಾವುದು, ಯಾವ ವಯಸ್ಸಿಗೆ, ಎಲ್ಲಿ ಬೆಚ್ಚಿಬೀಳ್ತಾರೆ?

ಎರಡನೇ_ರೀಲು

ಅಕ್ಟೋಬರ್ ಬಂದರೆ ಸಾಕು, ಈ ಪ್ರಶ್ನೆ ನಾಲ್ಕು ಕಡೆ ಬೇರೆ ಬೇರೆಯಾಗಿ ಏಳುತ್ತೆ. ಈ ಸಲ ಒಂದೇ ಕಡೆ ಸೇರಿಸಿಬಿಡೋಣ. ಲೆಕ್ಕಕ್ಕೆ ಹೀಗೊಂದು ಮನೆ ಇಟ್ಕೊಳ್ಳಿ: ನ್ಯೂಜೆರ್ಸಿ, 4, 7, 11 ವರ್ಷದ ಮೂರು ಮಕ್ಕಳು, ಊರಿಂದ ಬಂದಿರೋ ಅಜ್ಜಿ-ತಾತ. ಹ್ಯಾಲೋವೀನ್ ಅಂದ್ರೆ ಅಕ್ಟೋಬರ್ 31ರ ಸಂಜೆ, ಮಕ್ಕಳು ದೆವ್ವದಂಥ ವೇಷ ಹಾಕಿ ಮನೆ ಮನೆ ಸುತ್ತಿ ಕ್ಯಾಂಡಿ ತಂದ ಮೇಲೆ ಎಲ್ಲರೂ ನೋಡೋಕೆ ಏನು ಹಾಕಬೇಕು? ಅದರ ಹಿಂದಿನ ಶನಿವಾರ, ಭಾನುವಾರಕ್ಕೆ ಏನು?

ಒಂದೇ ಕೋರಿಕೆ. "ಸೂಪರ್ ಮೂವಿ, ಮಿಸ್ ಮಾಡ್ಬೇಡಿ" ಅನ್ನೋ ಉತ್ತರ ಯಾರ ಉಪಯೋಗಕ್ಕೂ ಬರಲ್ಲ. ವರ್ಷ, ಎಷ್ಟು ನಿಮಿಷ, ಮಗು ಹೆದರೋ ಜಾಗ ಯಾವುದು, ಇಷ್ಟು ಬರೀರಿ.

ಪರದೆ_ಹಿಂದೆ

ಮೊದಲು ಗಡಿಯಾರ, ಆಮೇಲೆ ಸಿನಿಮಾ. ಅಮೆರಿಕದಲ್ಲಿ ಡೇಲೈಟ್ ಸೇವಿಂಗ್ (ಗಡಿಯಾರ ಒಂದು ಗಂಟೆ ಮುಂದಿಡೋ ಪದ್ಧತಿ) ನವೆಂಬರ್ ಮೊದಲ ಭಾನುವಾರದ ತನಕ ಇರುತ್ತೆ. ಹಾಗಾಗಿ 31ಕ್ಕೆ ನ್ಯೂಜೆರ್ಸಿಯಲ್ಲಿ ಸೂರ್ಯ ಮುಳುಗೋದು ಹತ್ತಿರ ಹತ್ತಿರ 5.55ಕ್ಕೆ. ಸುತ್ತು ಮುಗಿಸಿ, ವೇಷ ಕಳಚಿ, ಕೈಕಾಲು ತೊಳೆದು ಕೂರೋ ಹೊತ್ತಿಗೆ ಎಂಟು ಆಗಿರುತ್ತೆ. ಆಗ 100 ನಿಮಿಷದ್ದು ಹಾಕಿದರೆ 4 ವರ್ಷದ್ದು ನಡುವೆ ಅಳೋಕೆ ಶುರು ಮಾಡುತ್ತೆ. ಅದು ನಿದ್ದೆಯ ಅಳು. ದೊಡ್ಡವರು ಅದನ್ನ ದೆವ್ವದ ತಲೆಗೆ ಕಟ್ತಾರೆ. 31ಕ್ಕೆ ಅರ್ಧ ಗಂಟೆಯೊಳಗಿನದು ಸಾಕು, ಉದ್ದದ್ದನ್ನ ಹಿಂದಿನ ಶನಿವಾರ ಮಧ್ಯಾಹ್ನ ಹಾಕಿ.

ಅರ್ಧ ಗಂಟೆಗೆ ಹೇಳಿ ಮಾಡಿಸಿದ್ದು ‘ಇಟ್ಸ್ ದಿ ಗ್ರೇಟ್ ಪಂಪ್ಕಿನ್, ಚಾರ್ಲಿ ಬ್ರೌನ್’. 25 ನಿಮಿಷ, 1966ರ ಅಕ್ಟೋಬರ್ 27ರಂದು ಸಿಬಿಎಸ್ ಟಿವಿಯಲ್ಲಿ ಮೊದಲು ಬಂದದ್ದು. ಚಾರ್ಲಿ ಬ್ರೌನ್ ದೆವ್ವದ ವೇಷಕ್ಕೆ ಅಂತ ಬೆಡ್‌ಶೀಟಿಗೆ ಕಣ್ಣಿನ ತೂತು ಮಾಡೋಕೆ ಹೋಗಿ ಇಡೀ ಶೀಟನ್ನೇ ಜರಡಿ ಮಾಡಿಟ್ಟಿರ್ತಾನೆ. ಮನೆ ಮನೆಗೆ ಹೋದರೆ ಉಳಿದವರ ಚೀಲಕ್ಕೆ ಮಿಠಾಯಿ, ಇವನ ಚೀಲಕ್ಕೆ ಕಲ್ಲು. ಹೆದರೋದು ಏನೂ ಇಲ್ಲ, ಮೆತ್ತಗಿನ ಮಕ್ಕಳು ಆ ಕಲ್ಲಿಗೆ ಬೇಜಾರು ಮಾಡ್ಕೋಬಹುದು. ಸ್ನೂಪಿ ಮೊದಲ ಮಹಾಯುದ್ಧದ ಪೈಲಟ್ ಥರ ಹೊಲಗದ್ದೆ ದಾಟಿ ಹೋಗೋ ಭಾಗ ನಿಧಾನ, ಈಗಿನ ಮಕ್ಕಳು ಎದ್ದು ಓಡೋದು ಅಲ್ಲೇ. 2020ರಿಂದ ಇದು ಆಪಲ್ ಟಿವಿಯ ಪಾಲಾಗಿದೆ. ಕೆಲವು ವರ್ಷ ಹಬ್ಬಕ್ಕೆ ಮುಂಚೆ ಒಂದೆರಡು ದಿನ ಚಂದಾ ಇಲ್ಲದವರಿಗೂ ತೆರೆದಿಟ್ಟಿದ್ದಾರೆ, ದಿನಾಂಕ ಮೊದಲೇ ನೋಡ್ಕೊಳ್ಳಿ.

4 ವರ್ಷಕ್ಕೆ ಇನ್ನೊಂದು ‘ರೂಮ್ ಆನ್ ದಿ ಬ್ರೂಮ್’, 2012ರಲ್ಲಿ ಬಿಬಿಸಿಗೆ ಮಾಡಿದ್ದು, ಇದೂ ಅರ್ಧ ಗಂಟೆ ಮೀರಲ್ಲ. ಮಾಟಗಾತಿಯೇ ಒಳ್ಳೆಯವಳು, ಮಾತೆಲ್ಲ ಪ್ರಾಸದಲ್ಲಿ. ಕೊನೆಯಲ್ಲಿ ಬರೋ ಡ್ರ್ಯಾಗನ್ ಒಂದೇ ಜೋರು.

ಅಜ್ಜಿ-ತಾತ ಇದ್ದಾರೆ ಅಂದ್ರಲ್ಲ, ಅವರಿಗೂ ಸೇರಿಸಿ ‘ದಿ ಸ್ಕೆಲಿಟನ್ ಡಾನ್ಸ್’. 1929, ಆರು ನಿಮಿಷವೂ ಇಲ್ಲ, ಒಂದೇ ಒಂದು ಮಾತಿಲ್ಲ. ಸ್ಮಶಾನದಿಂದ ಎದ್ದ ನಾಲ್ಕು ಅಸ್ಥಿಪಂಜರ ಕುಣೀತಾವೆ. ಒಂದು ಇನ್ನೊಂದರ ಬೆನ್ನೆಲುಬಿನ ಮೇಲೆ ತೊಡೆಮೂಳೆಯಲ್ಲಿ ಬಡಿದು ಸಂಗೀತ ಎಬ್ಬಿಸುತ್ತೆ. ಶುರುವಿನಲ್ಲಿ ಗೂಬೆಯ ಕಣ್ಣು, ಮತ್ತೆ ಅಸ್ಥಿಪಂಜರ ನೇರ ಕ್ಯಾಮೆರಾ ಬಾಯೊಳಗೆ ನುಗ್ಗೋ ಒಂದು ಕ್ಷಣ. ಅದಕ್ಕೆ ಮಕ್ಕಳು ಕಿರುಚಿ ನಗ್ತಾರೆ.

ಸಂತೆಪೇಟೆ_ಟಾಕೀಸ್

ಒಂದು ಮಾತು ಮದ್ಲ ಹೇಳಿಬಿಡ್ತೀನ್ರಿ. ಡಬ್ಬಿ ಮ್ಯಾಲೆ ‘ಪಿಜಿ’ (ಅಪ್ಪ-ಅವ್ವ ನೋಡ್ಕೊಂಡು ತೋರಸ್ಬೇಕು ಅನ್ನೋ ಅಮೆರಿಕದ ಗುರುತು) ಅಂತ ಇದ್ರ ಹುಡುಗ್ರಿಗೆ ನಡೀತದ ಅಂತ ತಿಳ್ಕೋಬ್ಯಾಡ್ರಿ. ಅಮೆರಿಕದಾಗ ಪಿಜಿ-13, ಅಂದ್ರ 13ರ ಒಳಗಿನವ್ರಿಗೆ ಭಾಳ ಎಚ್ಚರ ಅನ್ನೋದು, ಬಂದದ್ದೇ 1984ರ ಜುಲೈ 1ಕ್ಕ. ಅದಕ್ಕಿಂತ ಮದ್ಲ ಪಿಜಿ ಬಿಟ್ರ ನೇರ ಆರ್, ಅಂದ್ರ ದೊಡ್ಡವ್ರ ಸಿನಿಮಾ. ನಡುವಿಂದೆಲ್ಲಾ ಪಿಜಿ ಒಳಗ ತುರುಕಿಬಿಡತಿದ್ರು. 1982ರ ‘ಪೋಲ್ಟರ್‌ಗೈಸ್ಟ್’ ಪಿಜಿ ಅದ. ಅದ್ರಾಗ ಒಬ್ಬಾಂವ ಕನ್ನಡಿ ಮುಂದ ನಿಂತು ತನ್ನ ಮುಖದ ಮಾಂಸ ತಾನ ಕಿತ್ತ್ಕೋತಾನ! 1984ರ ‘ಗ್ರೆಮ್ಲಿನ್ಸ್’ ಸೈತ ಪಿಜಿ. ಅಡಗಿಮನಿ ಸೀನು ಭಯಂಕರ, ಅದ್ರ ಮ್ಯಾಲೆ ಒಬ್ಬ ಹುಡುಗಿ ತಮ್ಮಪ್ಪ ಹೆಂಗ ಸತ್ತ ಅಂತ ಹೇಳೋ ಕಥಿ ಒಳಗ ಸಾಂಟಾಕ್ಲಾಸ್ ಗುಟ್ಟು ಬಯಲಾಗ್ತದ. ಸಾಲ್ಯಾಗ ಸಾಂಟಾ ನಂಬ್ಕೊಂಡಿರೋ ಮಕ್ಕಳಿದ್ರ ಮುಗೀತು.

ಹೊಸ ಗುರುತು ಬಂದ ಮ್ಯಾಲೂ ಎಲ್ಲಾ ಸರಿ ಆಗ್ಲಿಲ್ಲ. 1988ರ ‘ಬೀಟಲ್‌ಜ್ಯೂಸ್’ ಪಿಜಿ, ಅದ್ರಾಗ ಆತ್ಮಹತ್ಯಾದ ಮಾತು ಬರ್ತದ, ಒಂದು ದೊಡ್ಡ ಬೈಗಳ ಚಂದಾಗಿ ಕೇಳಸ್ತದ.

ಭಾರತದಾಗ ನೋಡವ್ರಿಗೆ ಈಗ ಛಲೋ ಆಗ್ಯದ. 2024ರ ನಿಯಮದ ಪ್ರಕಾರ ಥೇಟರಿಗೂ ಯುಎ 7+, 13+, 16+ ಅಂತ ಮೂರು ಭಾಗ ಮಾಡ್ಯಾರ. ಒಟಿಟಿಗೆ ಅದು 2021ರಿಂದನ ಅದ.

ಬಾಲವಾಡಿ_ಬೆಂಚು

ಸಂತೆಪೇಟೆ ಅವರ ಮಾತಿಗೆ ಇದನ್ನು ಸೇರಿಸುತ್ತೇನೆ. ಗುರುತಿಗಿಂತ ಮುಖ್ಯ, ಯಾವ ವಯಸ್ಸಿನ ಮಗು ಯಾವುದಕ್ಕೆ ಹೆದರುತ್ತದೆ ಎಂಬುದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್ ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ‘ಹಲ್ಕ್’ ಧಾರಾವಾಹಿ ತೋರಿಸಿದಾಗ ಶಾಲೆಗೆ ಸೇರುವ ಮುಂಚಿನ ಮಕ್ಕಳು ಹೆಚ್ಚು ಹೆದರಿದ್ದು ಮನುಷ್ಯ ಹಸಿರು ದೈತ್ಯನಾಗಿ ಮಾರ್ಪಡುವ ಹೊತ್ತಿಗೆ. ಆ ದೈತ್ಯ ಒಳ್ಳೆಯವನು, ಕಾಪಾಡುವವನು ಎಂಬುದು ಅವರಿಗೆ ಲೆಕ್ಕಕ್ಕೇ ಇಲ್ಲ. ಕಣ್ಣಿಗೆ ಕಂಡದ್ದೇ ಅವರಿಗೆ ನಿಜ.

ಅಂದರೆ 3ರಿಂದ 6ರವರಿಗೆ ನೋಡಬೇಕಾದ್ದು: ಅಪ್ಪ ಅಮ್ಮನ ಮುಖ ಬದಲಾಗುತ್ತದೆಯೇ, ಸಾಕುಪ್ರಾಣಿ ಸಾಯುತ್ತದೆಯೇ, ಮುಖವಾಡ ಕಳಚುತ್ತದೆಯೇ. 7ರಿಂದ 10ರವರಿಗೆ ಕುರೂಪ ಅಷ್ಟು ತೊಂದರೆ ಕೊಡುವುದಿಲ್ಲ, ‘ನಮ್ಮ ಮನೆಗೂ ಹೀಗೆ ಆಗಬಹುದಲ್ಲ’ ಅನ್ನುವುದು ಕಾಡುತ್ತದೆ: ಕಳ್ಳ, ಅಪಹರಣ, ಮನೆಯವರಿಗೆ ಗಾಯ.

ಹೆದರಿದಾಗ ಮಾಡುವುದೂ ಬೇರೆ ಬೇರೆ. ಚಿಕ್ಕವರಿಗೆ "ಅದೆಲ್ಲ ಸುಳ್ಳು ಕಣೋ" ಎಂದರೆ ಇಳಿಯುವುದಿಲ್ಲ. ತೊಡೆ ಮೇಲೆ ಕೂರಿಸಿಕೊಳ್ಳಿ, ಹೊದಿಕೆ ಕೊಡಿ, ಕುಡಿಯಲು ಏನಾದರೂ ಕೊಡಿ, ದೀಪ ಹಾಕಿ. ದೊಡ್ಡ ಮಕ್ಕಳಿಗೆ ವಿವರಣೆ ನಾಟುತ್ತದೆ. ಗೊಂಬೆಯನ್ನು ಹೇಗೆ ಆಡಿಸುತ್ತಾರೆ ಎಂಬ ಎರಡು ನಿಮಿಷದ ಮೇಕಿಂಗ್ ವಿಡಿಯೋ ತೋರಿಸಿದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಸೂಜಿ_ಗುಂಡಿ

ಹಾಗಿದ್ರೆ ‘ಕೋರಲೈನ್’ ಬಗ್ಗೆ ಏನಂತೀರ? 7 ವರ್ಷಕ್ಕೆ ಆಗುತ್ತೆ ಅಂತ ನನ್ನ ವಾದ. ಪಿಜಿ ಇದೆ, ಬೊಂಬೆಗಳನ್ನ ಚೂರು ಚೂರೇ ಕದಲಿಸಿ ತೆಗೆದ ಬೊಂಬೆ ಚಿತ್ರ, ಹುಡುಗಿ ಧೈರ್ಯವಂತೆ.

ಬಾಲವಾಡಿ_ಬೆಂಚು

ಆಗುವುದಿಲ್ಲ. 9ಕ್ಕೆ ಮುಂಚೆ ಬೇಡ. ಅದರ ಇಡೀ ಕಥೆ ನಿಂತಿರುವುದೇ ನಾನು ಹೇಳಿದ ಜಾಗದ ಮೇಲೆ: ಅಮ್ಮನಂತೆಯೇ ಕಾಣುವ, ಅಮ್ಮನಿಗಿಂತ ಚೆನ್ನಾಗಿ ಅಡುಗೆ ಮಾಡಿ ಬಡಿಸುವ ಇನ್ನೊಬ್ಬ ಅಮ್ಮ. ಕಣ್ಣಿರಬೇಕಾದ ಕಡೆ ಕಪ್ಪು ಗುಂಡಿ.

ನೂಲು_ಮೇಣ

ಸೂಜಿ_ಗುಂಡಿ ಸರ್, ಬೆಂಚು ಮೇಡಂ ಹೇಳಿದ್ದು ಸರಿ. ಜಾಗಗಳನ್ನ ಹೇಳ್ತೀನಿ, ನೀವೇ ತೀರ್ಮಾನ ಮಾಡಿ. 2009, 100 ನಿಮಿಷ, ಲೈಕಾ ಸ್ಟುಡಿಯೋದ ಮೊದಲ ಪೂರ್ಣ ಚಿತ್ರ, ನಿರ್ದೇಶನ ಹೆನ್ರಿ ಸೆಲಿಕ್. (ಇನ್ನೊಬ್ಬ ನಿರ್ದೇಶಕ ಟಿಮ್ ಬರ್ಟನ್ ಅಲ್ಲ. ಪ್ರತಿ ವರ್ಷ ಯಾರಾದರೂ ಹಾಗೇ ಬರೀತಾರೆ.)

ಟೈಟಲ್ ಕಾರ್ಡಿನಲ್ಲೇ ಸೂಜಿಯ ಬೆರಳುಗಳು ಒಂದು ಬಟ್ಟೆ ಬೊಂಬೆಯ ಹೊಟ್ಟೆ ಬಿಚ್ಚಿ, ಒಳಗಿನದನ್ನ ಈಚೆ ತೆಗೆದು, ಹೊಸದಾಗಿ ಹೊಲೀತವೆ. ಮಗು ಇಲ್ಲಿ ನಿಮ್ಮ ಕೈ ಹಿಡಿದರೆ ಅವತ್ತಿಗೆ ಅಲ್ಲೇ ನಿಲ್ಲಿಸಿ, ಮುಂದಿನದೆಲ್ಲ ಇದಕ್ಕಿಂತ ಜಾಸ್ತಿ. ಆಮೇಲೆ ಊಟದ ಮೇಜಿನ ಮೇಲೆ ಪುಟ್ಟ ಡಬ್ಬಿ, ಅದರಲ್ಲಿ ಎರಡು ಗುಂಡಿ, ಸೂಜಿ, ದಾರ. "ಇಲ್ಲೇ ಇರಬೇಕು ಅಂದ್ರೆ ಕಣ್ಣಿಗೆ ಇದನ್ನ ಹೊಲಿಸ್ಕೋ" ಅನ್ನೋ ಮಾತು. ರಕ್ತ ಒಂದು ಹನಿ ಇಲ್ಲ, ಆದರೂ ಇಡೀ ಸಿನಿಮಾದಲ್ಲಿ ಮಕ್ಕಳ ತಲೇಲಿ ಉಳಿಯೋದು ಇದೇ. ಬಾಯಿಗೆ ಹೊಲಿಗೆ ಹಾಕಿದ ಹುಡುಗ ಬರ್ತಾನೆ. ಕೊನೆಯ ಭಾಗದಲ್ಲಿ ಆ ಅಮ್ಮ ಜೇಡವಾಗ್ತಾಳೆ, ನೆಲವೇ ಬಲೆಯಾಗುತ್ತೆ. ಸಿನಿಮಾ ಮುಗೀತು ಅಂದ್ಕೊಂಡಾಗ ತುಂಡಾದ ಕೈಯೊಂದು ಮತ್ತೆ ಬರುತ್ತೆ, ಹಾಗಾಗಿ "ಮುಗೀತು ಮಲಕ್ಕೋ" ಅಂತ ಆತುರ ಪಡಬೇಡಿ. ನಡುವೆ ಇಬ್ಬರು ವಯಸ್ಸಾದ ನಟಿಯರ ನಾಟಕದ ದೃಶ್ಯದಲ್ಲಿ ಮೈಮೇಲೆ ಬಟ್ಟೆ ಅತಿ ಕಡಿಮೆ. ತಾತನ ಪಕ್ಕ ಕೂತು ನೋಡೋಕೆ ಮುಜುಗರ ಆಗೋರು ಲೆಕ್ಕಕ್ಕಿಟ್ಕೊಳ್ಳಿ.

11 ವರ್ಷದವರಿಗೆ ಮಾತ್ರ ಇದಕ್ಕಿಂತ ಒಳ್ಳೆಯದು ಕಷ್ಟ. ಚಿಕ್ಕವರು ಮಲಗಿದ ಮೇಲೆ ಹಾಕಿ.

ಸೂಜಿ_ಗುಂಡಿ

ಸರಿ, 7ರ ವಾದ ಬಿಟ್ಟೆ. ‘ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’ಗಾದ್ರೂ 7 ಆಗುತ್ತಾ?

ನೂಲು_ಮೇಣ

ಆಗುತ್ತೆ. 1993, 76 ನಿಮಿಷ ಅಷ್ಟೇ. ಅದೂ ಸೆಲಿಕ್ ನಿರ್ದೇಶನವೇ, ಬರ್ಟನ್ ಕಥೆ ಮತ್ತು ನಿರ್ಮಾಣ. ಶುರುವಿನ ಹಾಡಲ್ಲೇ ಹಾಸಿಗೆ ಕೆಳಗಿನವನು, ಮೆಟ್ಟಿಲ ಕೆಳಗಿನವನು ಎಲ್ಲರೂ ಬಂದು ಪರಿಚಯ ಮಾಡ್ಕೋತಾರೆ. ಆ ಹಾಡು ದಾಟಿದ ಮಗು ಪೂರ್ತಿ ಸಿನಿಮಾ ದಾಟುತ್ತೆ, ಇದೇ ಪರೀಕ್ಷೆ. ಸ್ಯಾಲಿ ಅನ್ನೋ ಬಟ್ಟೆ ಬೊಂಬೆ ತನ್ನ ಕೈ, ಕಾಲು ತಾನೇ ಬಿಚ್ಚಿ ಮತ್ತೆ ಹೊಲ್ಕೊಳ್ಳೋದನ್ನ ಮಕ್ಕಳು ಬೊಂಬೆ ಅಂತಲೇ ತಗೋತಾರೆ. ಕಷ್ಟದ ಜಾಗ ಕೊನೆಗೆ ಇದೆ: ಊಗಿ ಬೂಗಿ ಅನ್ನೋ ಗೋಣಿಚೀಲದಂಥವನ ಹೊಲಿಗೆ ಬಿಚ್ಚಿ, ಒಳಗಿಂದ ಬರೀ ಹುಳ ಸುರಿಯುತ್ತೆ. ಹುಳ ಕಂಡರೆ ಆಗದವರಿಗೆ ಅರ್ಧ ನಿಮಿಷ ಕಣ್ಣು ಮುಚ್ಚಿಸಿ.

ನಾಯಕ ಜ್ಯಾಕ್ ಅನ್ನೋ ಅಸ್ಥಿಪಂಜರದ ಬೊಂಬೆಗೆ ತಲೆಗಳನ್ನೇ ಸುಮಾರು 400 ಮಾಡಿದ್ದರು, ಒಂದೊಂದು ಭಾವಕ್ಕೆ, ಒಂದೊಂದು ಉಚ್ಚಾರಕ್ಕೆ ಒಂದೊಂದು. 7 ವರ್ಷದವರಿಗೆ ಇದನ್ನ ಹೇಳಿ ಕೂರಿಸಿ, ಆಮೇಲೆ ಅವರು ಹೆದರೋದು ಬಿಟ್ಟು ತಲೆ ಬದಲಾಗೋದನ್ನೇ ಕಾಯ್ತಾರೆ.

ಬೊಂಬೆ ಚಿತ್ರಗಳಲ್ಲೇ ಇನ್ನೆರಡು. ‘ಫ್ರಾಂಕನ್‌ವೀನಿ’ (2012, 87 ನಿಮಿಷ, ಕಪ್ಪುಬಿಳುಪು) ಬರ್ಟನ್‌ದೇ. ನಾಯಿ ಕಾರಿಗೆ ಸಿಕ್ಕಿ ಸಾಯುತ್ತೆ, ಹುಡುಗ ಮಿಂಚಿನಿಂದ ಜೀವ ತರಿಸ್ತಾನೆ. ಮನೆಯಲ್ಲಿ ಇತ್ತೀಚೆಗೆ ನಾಯಿ, ಬೆಕ್ಕು ಹೋಗಿದ್ದರೆ ಈ ವರ್ಷ ಬೇಡವೇ ಬೇಡ. ‘ಪ್ಯಾರಾನಾರ್ಮನ್’ (2012, 92 ನಿಮಿಷ, ಲೈಕಾ) ಹೊರಗಿಂದ ಶವಗಳ ತಮಾಷೆ, ಒಳಗೆ ಮಾಟಗಾತಿ ಅಂತ ಪುಟ್ಟ ಹುಡುಗಿಯನ್ನ ಊರೇ ಸೇರಿ ಕೊಂದ ಕಥೆ. 10 ದಾಟಿದವರಿಗೆ, ಅದೂ ಶಾಲೆಯಲ್ಲಿ ಗೇಲಿಗೆ ಗುರಿಯಾದವರಿಗೆ, ತುಂಬ ತಾಗುತ್ತೆ. ಕೊನೆಗೆ ಹತ್ತು ನಿಮಿಷ ಮಾತಾಡೋಕೆ ಸಮಯ ಇಟ್ಕೊಳ್ಳಿ.

ಅರ್ಧರಾತ್ರಿ_ಫಿಲ್ಟರ್‌ಕಾಫಿ

ಮೂರು ವಯಸ್ಸಿಗೂ ಒಂದೇ ಸಿನಿಮಾ ಬೇಕು ಅಂದ್ರೆ ನನ್ನ ಓಟು ‘ವ್ಯಾಲೇಸ್ ಅಂಡ್ ಗ್ರಾಮಿಟ್: ದಿ ಕರ್ಸ್ ಆಫ್ ದಿ ವೇರ್-ರ್‍ಯಾಬಿಟ್’. 2005, 85 ನಿಮಿಷ, ಅಮೆರಿಕದಲ್ಲಿ ಜಿ, ಬ್ರಿಟನ್‌ನಲ್ಲಿ ಯು, ಎರಡೂ ಎಲ್ಲ ವಯಸ್ಸಿಗೂ ಆಗುತ್ತೆ ಅನ್ನೋ ಗುರುತು. ಆ ವರ್ಷದ ಅನಿಮೇಷನ್ ಆಸ್ಕರ್ ಇದಕ್ಕೇ. ಊರಲ್ಲಿ ದೊಡ್ಡ ತರಕಾರಿ ಸ್ಪರ್ಧೆ, ರಾತ್ರಿ ಹೊತ್ತು ಯಾವುದೋ ದೈತ್ಯ ಮೊಲ ಬಂದು ಕುಂಬಳ, ಕ್ಯಾರೆಟ್ ಎಲ್ಲ ಖಾಲಿ ಮಾಡುತ್ತೆ. ಕಾಡುಹಂದಿ ಕಾಟ ಕಂಡಿರೋ ಮಲೆನಾಡಿನ ತಾತನಿಗೆ ಸಬ್‌ಟೈಟಲ್ಲೇ ಬೇಡ. ಗ್ರಾಮಿಟ್ ಅನ್ನೋ ನಾಯಿ ಒಂದು ಮಾತೂ ಆಡಲ್ಲ, ಹುಬ್ಬಿನಲ್ಲೇ ಎಲ್ಲ ಹೇಳುತ್ತೆ.

ಹುಣ್ಣಿಮೆ ಬೆಳಕಿಗೆ ಕೈ ರೋಮ ಬೆಳೆದು ಮೊಲವಾಗೋ ದೃಶ್ಯ ಒಂದಿದೆ. ಬಾಲವಾಡಿ ಮೇಡಂ ಹೇಳಿದ ರೂಪ ಬದಲಾಗೋ ಲೆಕ್ಕಕ್ಕೆ ಅದು ಬರುತ್ತೆ, 4 ವರ್ಷದವರನ್ನ ಆಗ ಹತ್ತಿರ ಕೂರಿಸ್ಕೊಳ್ಳಿ. ಬಟ್ಟೆ ಕಳಕೊಂಡವನು ಮುಚ್ಚಿಕೊಳ್ಳೋ ರಟ್ಟಿನ ಪೆಟ್ಟಿಗೆ ಮೇಲೆ ‘ನಟ್ಸ್ ಇರಬಹುದು’ ಅಂತ ಬರೆದಿರುತ್ತೆ. ಮಕ್ಕಳಿಗೆ ಗೊತ್ತಾಗಲ್ಲ, ನೀವು ನಕ್ಕು "ಯಾಕೆ ನಕ್ಕೆ" ಅಂತ ಕೇಳಿಸ್ಕೋಬೇಡಿ.

ಸಂತೆಪೇಟೆ_ಟಾಕೀಸ್

‘ಹೋಕಸ್ ಪೋಕಸ್’ ಯಾರೂ ಹೇಳವಲ್ರಿ? ಅಮೆರಿಕದಾಗ ಹ್ಯಾಲೋವೀನ್ ಅಂದ್ರ ಅದ ಅಲ್ರಿ.

ಎರಡನೇ_ರೀಲು

ಹೇಳೋಣ. 1993, 96 ನಿಮಿಷ, ಪಿಜಿ. ಹ್ಯಾಲೋವೀನ್ ಚಿತ್ರವನ್ನ ಡಿಸ್ನಿ ಜುಲೈ 16ಕ್ಕೆ ಬಿಡುಗಡೆ ಮಾಡಿತ್ತು, ಥಿಯೇಟರಲ್ಲಿ ಓಡಲಿಲ್ಲ. ಮುಂದೆ ಟಿವಿಯಲ್ಲಿ ಪ್ರತಿ ಅಕ್ಟೋಬರ್ ಹಾಕಿ ಹಾಕಿಯೇ ಹೆಸರಾಯ್ತು. ಮೂವರು ಮಾಟಗಾತಿ ಅಕ್ಕತಂಗಿಯರ ತಮಾಷೆ ಚೆನ್ನಾಗಿದೆ, 8 ದಾಟಿದವರಿಗೆ ಸಲೀಸು.

ಗಮನ ಇಡಬೇಕಾದ್ದು ಮೊದಲ ಹತ್ತು ನಿಮಿಷ. ಪುಟ್ಟ ಹುಡುಗಿಯ ಪ್ರಾಣ ಹೀರ್ತಾರೆ, ಅವಳು ಸತ್ತೇ ಹೋಗ್ತಾಳೆ. ಆಮೇಲೆ ಮಾಟಗಾತಿಯರನ್ನ ನೇಣಿಗೆ ಹಾಕ್ತಾರೆ, ಕಾಲು ಮಾತ್ರ ಕಾಣುತ್ತೆ. ಆ ಭಾಗ ಬಿಟ್ಟು ಶುರು ಮಾಡಿದರೂ ಕಥೆ ಅರ್ಥವಾಗುತ್ತೆ: ಬೆಕ್ಕು ಒಂದು ಕಾಲಕ್ಕೆ ಹುಡುಗ, ತಂಗಿಯನ್ನ ಉಳಿಸೋಕೆ ಹೋಗಿ ಶಾಪಕ್ಕೆ ಸಿಕ್ಕ, ಅಂತ ಬಾಯಲ್ಲಿ ಹೇಳಿಬಿಡಿ. ಎರಡನೆಯದು, ಮೇಣದಬತ್ತಿ ಹಚ್ಚೋನು ‘ವರ್ಜಿನ್’ ಆಗಿರಬೇಕು ಅನ್ನೋ ಮಾತು ಸಿನಿಮಾ ಪೂರ್ತಿ ಮತ್ತೆ ಮತ್ತೆ ಬರುತ್ತೆ. 7 ವರ್ಷದವರು ಅಜ್ಜಿ ಎದುರಿಗೇ ಅರ್ಥ ಕೇಳೋದು ಖಚಿತ. "ಇನ್ನೂ ಮದುವೆಯಾಗದವನು" ಅಂತ ಒಂದು ಉತ್ತರ ಕೈಯಲ್ಲಿರಲಿ. ಮೂರನೆಯದು, ಗೋರಿಯಿಂದ ಎದ್ದವನು ಬಾಯಿಯ ಹೊಲಿಗೆ ಕತ್ತರಿಸ್ಕೊಂಡಾಗ ಒಳಗಿಂದ ಪತಂಗ ಹಾರಿ ಬರ್ತವೆ.

ಈ ಸಿನಿಮಾ ನಡೆಯೋ ಊರು ಅಮೆರಿಕದ ಸೇಲಂ, ಅಲ್ಲಿನ ನಿಜ ಕಥೆ 1692ರದ್ದು, 19 ಮಂದಿಯನ್ನ ಗಲ್ಲಿಗೇರಿಸಿದರು, ಅವರಲ್ಲಿ ಯಾರೂ ಮಾಟಗಾತಿಯರಲ್ಲ. 11 ವರ್ಷದವರಿಗೆ ಇದನ್ನ ಹೇಳದೆ ಈ ಸಿನಿಮಾ ತೋರಿಸಿದರೆ, ಗಲ್ಲಿಗೇರಿಸಿದ್ದೇ ಸರಿ ಅನ್ನೋ ಭಾವನೆ ಉಳಿಯುತ್ತೆ. ಅದಕ್ಕೇ ಇದಾದ ಮೇಲೆ ‘ಪ್ಯಾರಾನಾರ್ಮನ್’ ಹಾಕೋದು ಒಳ್ಳೆ ಜೋಡಿ.

ಚೆಂಡುಹೂ

ಅಜ್ಜಿಗೆ ‘ಕೋಕೋ’ ತೋರಿಸಿ. 2017, 105 ನಿಮಿಷ, ಪಿಜಿ. ಇದು ಹ್ಯಾಲೋವೀನ್ ಅಲ್ಲ, ಮೆಕ್ಸಿಕೋದವರ ಸತ್ತವರ ದಿನ, ನವೆಂಬರ್ 1 ಮತ್ತು 2. ಎರಡನ್ನೂ ಕಲಸಬೇಡಿ, ಮೆಕ್ಸಿಕೋದವರಿಗೆ ಬೇಸರವಾಗುತ್ತೆ. ನವೆಂಬರ್ 1ರ ರಾತ್ರಿಗೆ ಇಟ್ಕೊಳ್ಳಿ, ಸರಿಯಾಗಿ ಕೂರುತ್ತೆ.

ಹಿರಿಯರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ತಿಂಡಿ ಬಡಿಸಿ, ಹೂವು ಹಾಕಿ, ಅವರು ಬಂದು ಉಂಡು ಹೋಗ್ತಾರೆ ಅಂತ ಕಾಯೋದು. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟ ಯಾವ ಅಜ್ಜಿಗೂ ಇದನ್ನ ವಿವರಿಸೋ ಅಗತ್ಯ ಇಲ್ಲ, ಅಜ್ಜಿಯೇ ಮೊಮ್ಮಕ್ಕಳಿಗೆ ವಿವರಿಸ್ತಾರೆ. ಸಿನಿಮಾದಲ್ಲಿ ಸತ್ತವರು ದಾಟಿ ಬರೋ ಸೇತುವೆ ಪೂರ್ತಿ ಚೆಂಡು ಹೂವಿನದು. ಆ ಹೂವಿನ ಮೂಲವೂ ಮೆಕ್ಸಿಕೋವೇ.

ಅಸ್ಥಿಪಂಜರಗಳು ಬಣ್ಣ ಬಣ್ಣ, ಹೆದರಿಸಲ್ಲ. ಹೆದರಿಸೋದು ಬೇರೆ: ಒಬ್ಬನಿಗೆ ವಿಷ ಹಾಕಿದ್ದು ಗೊತ್ತಾಗುತ್ತೆ, ಇನ್ನೊಬ್ಬನ ಮೇಲೆ ದೊಡ್ಡ ಗಂಟೆ ಬೀಳುತ್ತೆ, ಎರಡು ಸಲ. ಭೂಮಿಯಲ್ಲಿ ನೆನೆಯೋರು ಯಾರೂ ಉಳಿಯದೆ ಹೋದರೆ ಸತ್ತವರೂ ಕರಗಿ ಹೋಗ್ತಾರೆ ಅನ್ನೋ ದೃಶ್ಯ 7 ವರ್ಷದವರನ್ನ ಅಳಿಸುತ್ತೆ. ಮರೆವಿನ ಮುತ್ತಜ್ಜಿಯ ಭಾಗ ದೊಡ್ಡವರನ್ನ ಅಳಿಸುತ್ತೆ. ಆ ವರ್ಷ ಮನೆಯಲ್ಲಿ ಸಾವಾಗಿದ್ದರೆ ಮೊದಲು ದೊಡ್ಡವರು ಒಬ್ಬರೇ ನೋಡಿ.

ಪರದೆ_ಹಿಂದೆ

ಚೆಂಡುಹೂ ಅಕ್ಕ, ಒಳ್ಳೆ ಸೇರ್ಪಡೆ. ಅದೇ ದಾರೀಲಿ ನಮ್ಮ ಕಡೆಯದೂ ಒಂದು ಹೇಳ್ತೀನಿ, ಹ್ಯಾಲೋವೀನ್‌ಗೆ ಸಂಬಂಧ ಇಲ್ಲದಿದ್ದರೂ ದೆವ್ವದ ಲೆಕ್ಕಕ್ಕೆ ಬರುತ್ತೆ. ಸತ್ಯಜಿತ್ ರಾಯ್ ಅವರ ‘ಗೂಪಿ ಗಾಯನೆ ಬಾಘಾ ಬಾಯನೆ’, 1969, ಸುಮಾರು ಎರಡು ಗಂಟೆ. ಪೂರ್ತಿ ಬೇಡ ಅಂದರೆ ಕಾಡಿನಲ್ಲಿ ದೆವ್ವಗಳು ಕುಣಿಯೋ ಆರು ನಿಮಿಷ ಚಿಲ್ಲರೆ ಮಾತ್ರ ತೋರಿಸಿ. ರಾಜರ ದೆವ್ವ, ಬಿಳಿಯ ದೊರೆಗಳ ದೆವ್ವ, ಡುಮ್ಮರ ದೆವ್ವ, ಬಡವರ ದೆವ್ವ, ನಾಲ್ಕು ಜಾತಿ. ಹಿಂದೆ ಕೇಳೋದು ಕರ್ನಾಟಕ ಸಂಗೀತದ ತಾಳವಾದ್ಯ: ಮೃದಂಗ, ಘಟ, ಖಂಜಿರ. ಮೃದಂಗ ಕಲಿಯೋ ಮಕ್ಕಳಿದ್ದರೆ ‘ಸ್ಕೆಲಿಟನ್ ಡಾನ್ಸ್’ ಆದ ತಕ್ಷಣ ಇದನ್ನ ಹಾಕಿ.

ಯಾರಾದರೂ 1984ರ ಮಲಯಾಳಂ ‘ಮೈ ಡಿಯರ್ ಕುಟ್ಟಿಚಾತ್ತನ್’ ಸೂಚಿಸೋ ಮುಂಚೆ: ಭಾರತದ ಮೊದಲ 3ಡಿ ಚಿತ್ರ, ಮಕ್ಕಳ ಜೊತೆ ಸ್ನೇಹ ಮಾಡೋ ಪುಟ್ಟ ದೆವ್ವ, ಎಲ್ಲ ಸರಿ, ಆದರೆ ಆ ಹುಡುಗ ದೆವ್ವ ಗಟಗಟ ಕುಡಿಯುತ್ತೆ. ಗೊತ್ತಿದ್ದು ಹಾಕಿ.

ಅರ್ಧರಾತ್ರಿ_ಫಿಲ್ಟರ್‌ಕಾಫಿ

ತುಂಬಾ ಹೆದರೋ ಮಗು ಇದ್ದು, ಆದರೂ ಮಾಟಗಾತಿ ಬೇಕು ಅಂದ್ರೆ ಜಪಾನಿನ ನಿರ್ದೇಶಕ ಮಿಯಾಜಾಕಿಯ ‘ಕಿಕೀಸ್ ಡೆಲಿವರಿ ಸರ್ವೀಸ್’. 1989, 103 ನಿಮಿಷ, ಜಿ. ಇಡೀ ಸಿನಿಮಾದಲ್ಲಿ ಖಳನೇ ಇಲ್ಲ. 13 ವರ್ಷದ ಹುಡುಗಿ ಕಪ್ಪು ಬೆಕ್ಕಿನ ಜೊತೆ ಊರು ಬಿಟ್ಟು ಬಂದು, ಬೇಕರಿ ಮಹಡಿಯಲ್ಲಿದ್ದು, ಪೊರಕೆ ಮೇಲೆ ಪಾರ್ಸೆಲ್ ಹಂಚ್ತಾಳೆ. ಕೊನೆಗೆ ಹುಡುಗನೊಬ್ಬ ಗಾಳಿಹಡಗಿನ ಹಗ್ಗಕ್ಕೆ ನೇತಾಡೋದೊಂದೇ ಎದೆ ಢವಢವ.

ಅದೇ ನಿರ್ದೇಶಕನದು ಅಂತ ‘ಸ್ಪಿರಿಟೆಡ್ ಅವೇ’ (2001, 125 ನಿಮಿಷ) 4 ವರ್ಷಕ್ಕೆ ಹಾಕಬೇಡಿ. ಶುರುವಿನಲ್ಲೇ ಅಪ್ಪ ಅಮ್ಮ ತಿಂದೂ ತಿಂದೂ ಹಂದಿಯಾಗ್ತಾರೆ.

ನೂಲು_ಮೇಣ

ಪೋಸ್ಟರ್ ನೋಡಿ ಮೋಸ ಹೋಗೋ ಇನ್ನೊಂದಿಷ್ಟು. ‘9’ (2009, 79 ನಿಮಿಷ) ಬಟ್ಟೆ ಬೊಂಬೆಗಳ ಅನಿಮೇಷನ್, ಆದರೆ ಪಿಜಿ-13. ‘ವೆಂಡೆಲ್ ಅಂಡ್ ವೈಲ್ಡ್’ (2022) ಸೆಲಿಕ್‌ದೇ, ಅದೂ ಪಿಜಿ-13. ‘ಮಾನ್‌ಸ್ಟರ್ ಹೌಸ್’ (2006, 91 ನಿಮಿಷ) ಪಿಜಿ, ಆದರೆ ಮನೆಯೇ ಮನುಷ್ಯರನ್ನ ನುಂಗುತ್ತೆ. ರಾತ್ರಿ ಮಲಗೋದು ಮನೆಯಲ್ಲೇ ತಾನೇ, 8ರೊಳಗಿನವರಿಗೆ ಬೇಡ. ‘ದಿ ವಿಚಸ್’ 1990ರದ್ದರಲ್ಲಿ ಸಭೆಯ ನಡುವೆ ಮುಖ ಕಳಚೋ ದೃಶ್ಯ ಇದೆ. ಎಲ್ಲಕ್ಕಿಂತ ಮುಖ್ಯ, ರಿಮೋಟಲ್ಲಿ ‘ಹ್ಯಾಲೋವೀನ್’ ಅಂತ ಟೈಪ್ ಮಾಡಿದರೆ ಮೊದಲು ಬರೋದು 1978ರ ಕೊಲೆಗಾರನ ಸಿನಿಮಾ ಆಗಿರಬಹುದು. ನಿಮಗೆ ಬೇಕಾದ್ದು 1998ರ ‘ಹ್ಯಾಲೋವೀನ್‌ಟೌನ್’, ಡಿಸ್ನಿ ಚಾನೆಲ್, 84 ನಿಮಿಷ.

ಪರದೆ_ಹಿಂದೆ

ಅಲ್ಲಿಂದಲೇ ಇನ್ನೊಂದು ತೊಂದರೆ. ಅಕ್ಟೋಬರ್ ಪೂರ್ತಿ ಒಟಿಟಿಗಳ ಮೊದಲ ಪುಟ ರಕ್ತಮಯ. ಚಿತ್ರ ಹುಡುಕೋ ಎರಡು ನಿಮಿಷದಲ್ಲಿ ಮಗು ನೋಡೋ ಟ್ರೈಲರ್ ಆಯ್ದ ಸಿನಿಮಾಗಿಂತ ಭೀಕರ. ಪ್ರೊಫೈಲ್ ಸೆಟ್ಟಿಂಗಲ್ಲಿ ಆಟೋಪ್ಲೇ ಪ್ರಿವ್ಯೂ ಆಫ್ ಮಾಡಿ, ಮುಂದಿನದು ತಾನೇ ಶುರುವಾಗೋದನ್ನೂ ಆಫ್ ಮಾಡಿ. ನೆಟ್‌ಫ್ಲಿಕ್ಸ್‌ನಲ್ಲಿ ಇವು ಎರಡೂ ಬೇರೆ ಬೇರೆ ಗುಂಡಿ, ಒಂದು ಒತ್ತಿ ಸುಮ್ಮನಾಗಬೇಡಿ. ಮಕ್ಕಳು ಕೂರೋ ಮುಂಚೆಯೇ ಸಿನಿಮಾ ಹಾಕಿ, ಟೈಟಲ್ ದಾಟಿಸಿ, ಪಾಜ್ ಮಾಡಿ ನಿಲ್ಲಿಸಿಡಿ. ಯೂಟ್ಯೂಬ್ ಆದರೆ ನಡುವೆ ಬರೋ ಜಾಹೀರಾತು ಯಾವುದು ಅಂತ ಯಾರ ಕೈಲೂ ಇಲ್ಲ.

ಟೆರೇಸ್_ಟೆಂಟು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಈಗ ಈ ಹಬ್ಬ ಬಂದಿದೆ, ಟೆರೇಸಲ್ಲಿ ಪ್ರೊಜೆಕ್ಟರ್ ಇಟ್ಟು ತೋರಿಸೋರಿಗೆ ಏನು ಸಲಹೆ? 30 ಮಕ್ಕಳು ಅಂತ ಇಟ್ಕೊಳ್ಳಿ.

ಪರದೆ_ಹಿಂದೆ

ಮೊದಲು ಮಳೆ. ಅಕ್ಟೋಬರ್ ಕೊನೆ ಅಂದರೆ ಹಿಂಗಾರು, ಮೇಲೆ ಸೂರಿಲ್ಲದ ಜಾಗ ನೆಚ್ಚಬೇಡಿ.

ಪರದೆ 100 ಇಂಚಿಗಿಂತ ಕಡಿಮೆ ಬೇಡ. 16:9ರಲ್ಲಿ ಅದು 221 ಸೆಂ.ಮೀ. ಅಗಲ, 125 ಸೆಂ.ಮೀ. ಎತ್ತರ. ಪ್ರೊಜೆಕ್ಟರಿನ ಥ್ರೋ ರೇಶಿಯೋ (ಪರದೆ ಅಗಲದ ಎಷ್ಟು ಪಟ್ಟು ದೂರ ಬೇಕು ಅನ್ನೋ ಲೆಕ್ಕ) 1.2 ಇದ್ದರೆ 2.21 ಗುಣಿಸು 1.2, ಅಂದರೆ ಪರದೆಯಿಂದ 2.65 ಮೀಟರ್ ದೂರದಲ್ಲಿ ಇಡಬೇಕು. 30 ಮಕ್ಕಳ ನಡುವೆಯೇ ಅದು ಕೂತಿರುತ್ತೆ, ವೈರ್ ಎಡವದ ಹಾಗೆ ಟೇಪ್ ಹಚ್ಚಿ. ತೆಳ್ಳಗಿನ ಬೆಡ್‌ಶೀಟ್ ಹಾಕಿದರೆ ಒಂದಿಷ್ಟು ಬೆಳಕು ಹಿಂದಕ್ಕೆ ದಾಟಿ ಹೋಗುತ್ತೆ, ಹಿಂದೆ ಕಪ್ಪು ಬಟ್ಟೆ ಕೊಡಿ, ಕೆಳ ಅಂಚಿಗೆ ಪೈಪ್ ಕಟ್ಟಿ ಬಿಗಿ ಮಾಡಿ. ಇಲ್ಲದಿದ್ದರೆ ಗಾಳಿಗೆ ಎಲ್ಲರ ಮುಖವೂ ಭೂತದ ಮುಖವೇ.

ಬೆಳಕಿಗೆ ಡಬ್ಬಿ ಮೇಲಿನ ‘9000 ಲ್ಯೂಮೆನ್’ ನಂಬಬೇಡಿ, ಎಎನ್‌ಎಸ್‌ಐ ಲ್ಯೂಮೆನ್ (ನಿಗದಿತ ಕ್ರಮದಲ್ಲಿ ಅಳೆದ ಬೆಳಕು) ಎಷ್ಟು ಅಂತ ಕೇಳಿ. ಪೂರ್ತಿ ಕತ್ತಲಿದ್ದರೆ 500ರಲ್ಲಿ ಹೇಗೋ ಆಗುತ್ತೆ, ಪಕ್ಕದಲ್ಲಿ ಬೀದಿದೀಪ ಇದ್ದರೆ 1500ರ ಮೇಲೆ ಬೇಕು. ಇಲ್ಲೇ ಸಿನಿಮಾ ಆಯ್ಕೆ ಮಾಡೋರು ಎಡವೋದು. ‘ಕೋರಲೈನ್’, ‘ನೈಟ್‌ಮೇರ್’ ಎರಡೂ ಕತ್ತಲ ಸಿನಿಮಾ, ಮಂಕು ಪ್ರೊಜೆಕ್ಟರಲ್ಲಿ ಬರೀ ಬೂದು ಕಾಣುತ್ತೆ. ‘ಕಿಕಿ’ ಬಹುಪಾಲು ಹಗಲಿನದು, ಚೆನ್ನಾಗಿ ಕಾಣುತ್ತೆ. ‘ಸ್ಕೆಲಿಟನ್ ಡಾನ್ಸ್’ ಕಪ್ಪಿನ ಮೇಲೆ ಬಿಳಿ ಮೂಳೆ, ಅದಕ್ಕೆ ಯಾವ ಪ್ರೊಜೆಕ್ಟರಾದರೂ ಸಾಕು.

ಬ್ಲೂಟೂತ್ ಸ್ಪೀಕರ್ ಬೇಡ, ತುಟಿಗೂ ಮಾತಿಗೂ ತಾಳ ತಪ್ಪುತ್ತೆ. ಹಾಡಿನ ಚಿತ್ರದಲ್ಲಿ ಇನ್ನೂ ಎದ್ದು ಕಾಣುತ್ತೆ. 3.5 ಎಂಎಂ ಕೇಬಲ್ ಎಳೀರಿ.

ಟೆರೇಸ್_ಟೆಂಟು

ಫೋನಿಂದ ಮಿರರ್ ಮಾಡಿದ್ರೆ ಶಬ್ದ ಬರುತ್ತೆ, ಚಿತ್ರ ಬರೀ ಕಪ್ಪು. ಇದು ಪ್ರೊಜೆಕ್ಟರ್ ದೋಷನಾ?

ನೂಲು_ಮೇಣ

ಅಲ್ಲ. ಒಟಿಟಿ ಆ್ಯಪ್‌ಗಳು ನಕಲು ತಡೆಯೋಕೆ ಮಿರರಿಂಗಲ್ಲಿ ಚಿತ್ರ ಮುಚ್ಚಿಡ್ತವೆ. ಸ್ಟ್ರೀಮಿಂಗ್ ಸ್ಟಿಕ್ ಒಂದನ್ನ ನೇರ ಎಚ್‌ಡಿಎಂಐಗೆ ಚುಚ್ಚಿ. ಸ್ಟಿಕ್‌ಗೆ ಕರೆಂಟು ಪ್ರೊಜೆಕ್ಟರಿನ ಯುಎಸ್‌ಬಿಯಿಂದ ಕೊಡಬೇಡಿ, ಎಷ್ಟೋ ಮಾಡೆಲಲ್ಲಿ ಅದು ಸಾಲದೆ ಅರ್ಧದಲ್ಲಿ ರೀಸ್ಟಾರ್ಟ್ ಆಗುತ್ತೆ. ಅದರ ಜೊತೆ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿ. 30 ಮನೆಯವರ ಫೋನು ಒಂದೇ ವೈಫೈಗೆ ಅಂಟಿಕೊಂಡಿರುತ್ತೆ, ಸ್ಟಿಕ್‌ಗೆ ಬೇರೆ ಹಾಟ್‌ಸ್ಪಾಟ್ ಇರಲಿ.

ಬಾಲವಾಡಿ_ಬೆಂಚು

ಇನ್ನೊಂದು ಅಂಶ. ಒಟಿಟಿ ಚಂದಾ ಇರುವುದು ಮನೆಯವರ ಸ್ವಂತ ಬಳಕೆಗೆ. ಕ್ಲಬ್‌ಹೌಸಿನಲ್ಲಿ 30 ಮನೆಯ ಮಕ್ಕಳನ್ನು ಕೂರಿಸಿ ತೋರಿಸುವುದು ಅದರಲ್ಲಿ ಬರುವುದಿಲ್ಲ. ಟಿಕೆಟ್ ಇಟ್ಟಿಲ್ಲ ಎಂಬುದು ಉತ್ತರವಲ್ಲ. ಅಮೆರಿಕದಲ್ಲಿ ಕನ್ನಡ ಕೂಟದವರು ಸಭಾಂಗಣದಲ್ಲಿ ತೋರಿಸುವುದಾದರೆ ಸ್ವ್ಯಾಂಕ್‌ನಂಥ ಸಂಸ್ಥೆಯಿಂದ ಒಂದು ಪ್ರದರ್ಶನಕ್ಕೆ ಪರವಾನಗಿ ಪಡೆಯಬೇಕು. ವಾರಕ್ಕೆ ಮುಂಚೆ ಅಲ್ಲ, ತಿಂಗಳಿಗೆ ಮುಂಚೆಯೇ ಕೇಳಿ. ‘ದಿ ಸ್ಕೆಲಿಟನ್ ಡಾನ್ಸ್’ ಮಾತ್ರ 2025ರ ಜನವರಿ 1ರಿಂದ ಅಮೆರಿಕದಲ್ಲಿ ಹಕ್ಕುಮುಕ್ತ, ಅದನ್ನು ಯಾರನ್ನೂ ಕೇಳದೆ ತೋರಿಸಬಹುದು.

ಸಂತೆಪೇಟೆ_ಟಾಕೀಸ್

ಅಂದ್ರ ಕೂಟದವ್ರಿಗೆ ಆರು ನಿಮಿಷದ ಅಸ್ಥಿಪಂಜರ, ಉಳಿದ ಹೊತ್ತು ಮಂಡಕ್ಕಿ-ಮಿರ್ಚಿ. ನಡೀತದ ಬಿಡ್ರಿ.

ಎರಡನೇ_ರೀಲು

ನಡೆಯುತ್ತೆ. ಬೆಂಚು ಮೇಡಂ, ಒಂದು ಉಳೀತು. 4 ಮತ್ತು 11 ಒಂದೇ ಕೋಣೆಯಲ್ಲಿದ್ದು, ಚಿಕ್ಕದು ನಡುವೆ ಹೆದರಿದರೆ ನಿಲ್ಲಿಸಬೇಕಾ, ಎಬ್ಬಿಸ್ಕೊಂಡು ಹೋಗಬೇಕಾ?

ಬಾಲವಾಡಿ_ಬೆಂಚು

ಭೂತದ ಮುಖ ಪರದೆ ಮೇಲಿರುವಾಗಲೇ ಪಾಜ್ ಒತ್ತಬೇಡಿ, ಆ ಚಿತ್ರವೇ ಕಣ್ಣಲ್ಲಿ ನಿಲ್ಲುತ್ತದೆ. ಮೊದಲು ಶಬ್ದ ತಗ್ಗಿಸಿ, ಒಂದು ದೀಪ ಹಾಕಿ, ದೃಶ್ಯ ದಾಟುವವರೆಗೆ ಮಗುವಿನ ಮುಖ ನಿಮ್ಮ ಕಡೆ ಇರಲಿ. ಆಮೇಲೆ ಒಬ್ಬರು ದೊಡ್ಡವರು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಕ್ಯಾಂಡಿ ಬಣ್ಣದ ಪ್ರಕಾರ ವಿಂಗಡಿಸಲು ಕೂರಿಸಲಿ. ದೊಡ್ಡವನ ಸಿನಿಮಾ ಮುಂದುವರಿಯಲಿ. ನಿಲ್ಲಿಸಿದರೆ ಅವನು ತಮ್ಮನನ್ನು ಹೇಡಿ ಅನ್ನುತ್ತಾನೆ, ಮುಂದಿನ ವರ್ಷ ಚಿಕ್ಕವನು ಹೆದರಿದರೂ ಹೇಳುವುದಿಲ್ಲ.